ಮೂರನೇ ನಿಮಿಷದ ಉಸಿರು

ಬಮ್ಮಾಪುರ ಓಣಿಯೊಳಗ
ಖಾರ ಕುಟ್ಟೋ ಗಿರಣಿ ಮ್ಯಾಲಿನ ಖೋಲಿ ನಂದು.
ಬಾಡಿಗಿ ಸಸ್ತಾ, ಸೀನು ಪುಗಸಟ್ಟೆ.
ಕಿಡಕಿಗೆ ಅವ್ವನ ಎರಡು ಕೌದಿ, ಬಾಗಲಕ್ಕ ಒಂದು,
ನಡುವ ಮೈಕು, ಹಳೇ ಬೈಕು ಮಾರಿ ತಂದದ್ದು.
ಪಾಡ್‌ಕಾಸ್ಟ್ ಅಂದ್ರ ಏನಂತ ಮಾಲಕ ಕೇಳಿದ.
ರೇಡಿಯೋನ ರೀ, ಸರಕಾರದ್ದಲ್ಲ ಅಂದೆ.
ಕರೆಂಟ್ ಬಿಲ್ಲೂ ಸರಕಾರದ್ದಲ್ಲ ಮತ್ತ, ಅಂದ.

ಗಿರಣಿ ನಿಂತ ಮ್ಯಾಲ, ರಾತ್ರಿ ಹತ್ತಕ್ಕ,
"ನಮಸ್ಕಾರ್ರೀ, ಇದು ಓಣಿ ದನಿ" ಅಂತೀನಿ.
ಕೇಳವರು ನಲವತ್ತೊಂದು ಮಂದಿ.
ಅದರಾಗ ಒಬ್ಬಾಕಿ ನನ್ನ ತಂಗಿ,
ಹಚ್ಚಿಟ್ಟು ರೊಟ್ಟಿ ಬಡೀತಾಳ.

ಗುಡಿಸಾಗರದ ಫಕೀರವ್ವ
ಕಳೆ ಕೀಳುವಾಗ ಹಾಡಿದ್ದು ಬಿಟ್ಟರ
ಯಾರ ಮುಂದೂ ಬಾಯಿ ತೆರೆದಾಕಿ ಅಲ್ಲ.
ಎಷ್ಟು ಮಂದಿ ಕೇಳತಾರಪಾ ಅಂದ್ಲು.
ನಾಚಿಕೊಂಡು ಹೇಳಿದೆ.
"ಯಪ್ಪಾ, ಒಂದು ಪಂಕ್ತಿ ಆತಲ್ಲೋ!
ಬಡಿಸಾಕ ಶುರು ಮಾಡು."

ಅವತ್ತಿಂದ ಬಡಿಸಾಕತ್ತೀನಿ.
ಗದಗಿನ ಪ್ರೆಸ್ಸಿನಾಗ ಮೊಳೆ ಜೋಡಿಸುತ್ತ ತಾಳ ಕಲಿತವನು.
ಧಾರವಾಡದಾಗ ಮಂದಿ ಹಾರ್ಮೋನಿಯಂ ರಿಪೇರಿ ಮಾಡಿ ಮಾಡಿ
ತನ್ನದಂತ ಒಂದೂ ಇಲ್ಲದಾಕಿ,
ಹೊಳ್ಳಿ ಕೊಡೋ ಮುಂದ ಒಂದು ತಾಸು ಬಾರಿಸತಾಳ,
ಟೆಸ್ಟಿಂಗ್ ಅಂತ.
ಆ ತಾಸೇ ನಾನು ಹಿಡಿದದ್ದು.

ಇಪ್ಪತ್ಮೂರನೇ ಕಂತು ಹುಲಗಪ್ಪ ಭಜಂತ್ರಿ,
ನಲವತ್ತು ವರ್ಷ ಬ್ಯಾಂಡ್ ಕಂಪನಿಯ ಕ್ಲಾರಿನೆಟ್ಟು.
ಕುದುರಿ ಮುಂದ, ಜನರೇಟರ್ ಗಾಡಿ ಹಿಂದ,
ಬೇಕಂದ ಸಿನಿಮಾ ಹಾಡೆಲ್ಲ ಊದಿ,
ಮಂದಿ ಊಟಕ್ಕ ಕೂತಾಗ
ಪೆಂಡಾಲ್ ಹಿಂದ, ಪಾತ್ರಿ ತೊಳೆಯೋ ಕಡೆ ನಿಂತು
ತನಗ ಅಂತ ಒಂದು ಊದತಿದ್ದ.
ಹೆಸರಿಲ್ಲ ಅದಕ್ಕ. ಕೇಳಿದರ
"ಅದಾ? ಕೊಳವಿ ಒಳಗಿನ ಉಗುಳು ಒಣಗಸೋದು" ಅಂದ.

ಅದನ್ನೇ ಊದಿಸಿದೆ, ಕೌದಿ ನಡುವ.
ಹೊಸ್ತಿಲ ದಾಟೋ ಕೂಸಿನಂಗ
ಒಂದು ಕಾಲಿಟ್ಟು, ನಿಂತು, ಹೊಳ್ಳಿ ನೋಡಿ
ಏರಿತು ಸುರ.
ಮೂರನೇ ನಿಮಿಷಕ್ಕ ಉಸಿರು ತಪ್ಪಿತು.
ಮುದುಕನ ಎದಿ ಗೊರ್ ಅಂದದ್ದು
ಮೈಕಿನಾಗ ಸ್ವಚ್ಛ ಬಿತ್ತು.
ನಾನು ತಗೀಲಿಲ್ಲ.
ಮ್ಯಾಲ ಒಂದು ಭಾಷಣಾನೂ ಸೇರಿಸಿದೆ:
"ಕೇಳ್ರಿ, ಇದು ನಲವತ್ತು ವರ್ಷದ ದುಡಿಮೆಯ ಉಸಿರು."
ಅನ್ನುವಾಗ ನನ್ನ ದನಿಗೆ
ನಾನೇ ಸ್ವಲ್ಪ ಮರುಳಾಗಿದ್ದು ಖರೆ.

ಮರುವಾರ ಲೆಕ್ಕ ನೋಡಿದರ
ಒಂದೇ ಫೋನಿನಿಂದ ಹದಿನೇಳು ಸಲ.
ನಸುಕಿನ ನಾಕಕ್ಕ ಶುರು,
ಮೂರನೇ ನಿಮಿಷಕ್ಕ ಬಂದು ನಿಲ್ಲತದ.
ಯಾರೋ ದೊಡ್ಡ ರಸಿಕ ಅಂತ ಉಬ್ಬಿದೆ,
ಆತಗೊಂದು ದೂರದ ಊರು ಸೈತ ಕೊಟ್ಟೆ ಮನಸಿನಾಗ.

ಮಂಗಳವಾರ ಮೆಟ್ಟಿಲ ಮ್ಯಾಲ ಕೆಮ್ಮು.
ಹುಲಗಪ್ಪ. ಬಗಲಾಗ ಪೆಟಗಿ,
ಕೈಯಾಗ ಮೊಮ್ಮಗಳ ಫೋನು.
"ಇಲ್ಲೆ," ಅಂದ, ಪಡದಿ ಮ್ಯಾಲಿನ ಗೆರಿಗೆ ಉಗುರಿಟ್ಟು,
"ಇಲ್ಲೆ ನಾ ಸೋತದ್ದು. ತಗದಬಿಡು."
ಅದರಾಗ ಜೀವ ಐತಿ ಕಾಕಾ, ಅಂದೆ.
ಆತ ಬಾಳೊತ್ತು ನನ್ನ ನೋಡಿದ.
"ತಮ್ಮಾ, ನಿನಗ ನನ್ನ ಬಡತನ ಕೇಳಬೇಕಾಗೈತಿ.
ನನಗ ಸುರ."

ಹಳೇ ಕಂತು ಅಳಿಸಿದೆ, ಭಾಷಣ ಸಮೇತ.
ಆ ದೂರದ ಊರೂ ಹೋತು.
ಕೆಳಗ ಬ್ಯಾಡಗಿ ಮೆಣಸಿನಕಾಯಿ ಹೊತ್ತವರ ಪಾಳಿ
ಇನ್ನ ಕರಗಿದ್ದಿಲ್ಲ.
ಹೊಸ ರೀಡು ನಾಲಿಗಿ ಮ್ಯಾಲ ನೆನಿಸಿಕೋತ
ಗೋಡಿಗೆ ಆತು ಕೂತ ಹುಲಗಪ್ಪ.
ಆತ ಸೀನಿದ. ನಾನೂ ಸೀನಿದೆ.
ಹನ್ನೊಂದು ಹೊಡೀತು.
ಗಿರಣಿ ಪಟ್ಟಾ ಸಾವಕಾಶ ಆಗಿ
ಇನ್ನೊಂದು ಸುತ್ತು, ಮತ್ತೊಂದರ್ಧ,
ನಿಂತಿತು.
ಕೆಂಪು ಗುಂಡಿ ಮ್ಯಾಲ ನನ್ನ ಹೆಬ್ಬೆಟ್ಟು.
"ಹಚ್ಚಬ್ಯಾಡ ಇನ್ನ," ಅಂದ, ರೀಡು ಬಾಯಾಗಿಟ್ಟುಕೊಂಡೇ,
"ಖಾರ ಇಳೀಲಿ."